ಲಾರೆಸ್ ಚಾರಣ: ಹೊರಡುವ ಮುನ್ನ ಗಮನಿಸಿ

ಎಲ್ಲರಿಗೂ ನಮಸ್ಕಾರ. ದಕ್ಷಿಣ ಅಮೆರಿಕದ ಪೆರುವಿನ ಕುಸ್ಕೋ ನಗರವೇ ಸುಮಾರು 3,400 ಮೀಟರ್ ಎತ್ತರದಲ್ಲಿದೆ. ನಾವು ಚಾರಣ ಮಾಡುವ ಲಾರೆಸ್ ದಾರಿ 4,400 ಮೀಟರನ್ನೂ ಮೀರುತ್ತದೆ. ಮುಳ್ಳಯ್ಯನಗಿರಿ 2,000 ಮೀಟರ್ ಕೂಡ ಇಲ್ಲ, ಆ ಅನುಭವವನ್ನು ನೆಚ್ಚಿಕೊಂಡು ಬರಬೇಡಿ. ಆದ್ದರಿಂದ ಮೊದಲ ಎರಡು ರಾತ್ರಿ ಕುಸ್ಕೋಗಿಂತ ತಗ್ಗಿನಲ್ಲಿರುವ ಊರು ಓಯಾಂತಾಯ್‌ತಾಂಬೋದಲ್ಲಿ ತಂಗುತ್ತೇವೆ. ತಲೆನೋವು, ವಾಂತಿ ಕಾಣಿಸಿದರೆ ಮುಚ್ಚಿಡದೆ ತಕ್ಷಣ ಹೇಳಿ. ಇಲ್ಲಿ ಶೌರ್ಯ ಯಾರಿಗೂ ಬೇಕಾಗಿಲ್ಲ. ಎತ್ತರದ ಕಾಯಿಲೆಯ ಮಾತ್ರೆಯ ಬಗ್ಗೆ ವೈದ್ಯರನ್ನು ಈಗಲೇ ಕೇಳಿಕೊಳ್ಳಿ.

ದಾರಿಯಲ್ಲಿ ಸಿಗುವ ಕೆಚುವಾ ಮೂಲನಿವಾಸಿಗಳ ಹಳ್ಳಿಗಳಲ್ಲಿ ಕಾರ್ಡ್ ನಡೆಯದು. ಪೆರುವಿನ ಹಣವಾದ ಸೋಲ್‌ನ ಚಿಲ್ಲರೆ ನೋಟುಗಳಿರಲಿ. ಹೆಂಗಸರು ಅಲ್ಪಾಕಾ (ಲಾಮಾದಂಥ ಸಾಕುಪ್ರಾಣಿ) ಉಣ್ಣೆಗೆ ಗಿಡಮೂಲಿಕೆಯ ಬಣ್ಣ ಕಟ್ಟಿ ಕೈಮಗ್ಗದಲ್ಲಿ ನೇಯುತ್ತಾರೆ. ವಿಪರೀತ ಚೌಕಾಸಿ ಬೇಡ. ಕೇಳದೆ ಫೋಟೋ ತೆಗೆಯಬೇಡಿ, ಮಕ್ಕಳದ್ದಂತೂ ಬೇಡವೇ ಬೇಡ.

ಕೋಕಾ ಎಲೆಯ ಚಹಾ ಅಲ್ಲಿಯೇ ಕುಡಿದು ಮುಗಿಸಿ. ಕೊಕೇನ್ ತೆಗೆಯುವ ಆ ಎಲೆ ಭಾರತದಲ್ಲಿ ಕಾನೂನುಬಾಹಿರ, ಚೀಲದಲ್ಲಿ ಒಂದೂ ಉಳಿಯಬಾರದು.