ಲೋನ್ ಹೆಂಗೆ ತಗೋಬೇಕು ಅಂತ ಹೇಳ್ಕೊಟ್ರಷ್ಟೇ ಸಾಕಾಗಲ್ಲ

ಸಂಪಾದಕರಿಗೆ ನಮಸ್ಕಾರ,

ಈಗ ಸುಮಾರು ಡಿಗ್ರಿ ಕಾಲೇಜುಗಳಲ್ಲಿ ವರ್ಷಕ್ಕೊಂದು ಸಲ ಉದ್ಯಮಶೀಲತಾ ಕಾರ್ಯಾಗಾರ ಅಂತ ಬ್ಯಾನರ್ ಕಟ್ತಾರೆ, ಬ್ಯಾಂಕ್ ಮ್ಯಾನೇಜರ್ ಬಂದು ಮುದ್ರಾ ಲೋನ್ ಬಗ್ಗೆ ಹೇಳ್ತಾರೆ, ಕೈಗಾರಿಕಾ ಕೇಂದ್ರದೋರು ಹೊಸದಾಗಿ ಉದ್ಯಮ ಶುರು ಮಾಡೋರಿಗೆ ಕೇಂದ್ರ ಸರ್ಕಾರದ ಪಿಎಂಇಜಿಪಿ ಯೋಜನೇಲಿ ಸಬ್ಸಿಡಿ ಎಷ್ಟು ಪರ್ಸೆಂಟ್ ಅಂತ ಹೇಳ್ತಾರೆ, ಊಟ ಆಗುತ್ತೆ, ಸರ್ಟಿಫಿಕೇಟ್ ಕೊಟ್ಟು ಕಳಿಸ್ತಾರೆ. ಆ ಮಾಹಿತಿ ಬೇಕು, ಬೇಡ ಅನ್ನಲ್ಲ. ಆದ್ರೆ ನಾನೂ ಒಂದು ಸಣ್ಣ ಮಸಾಲೆ ಪುಡಿ ಯೂನಿಟ್ ನಡೆಸ್ತೀನಿ, ನಮ್ಮ ಕಡೆ ಶುರುವಾಗಿ ಮುಚ್ಚಿಹೋದ ಯೂನಿಟ್‌ಗಳನ್ನೂ ನೋಡಿದ್ದೀನಿ, ಅದ್ರಲ್ಲಿ ಸುಮಾರು ಜನಕ್ಕೆ ಲೋನ್ ಸಿಕ್ಕಿತ್ತು, ಮಷೀನೂ ಚೆನ್ನಾಗೇ ಇತ್ತು. ಮನೆ ಖರ್ಚು, ಅಂಗಡಿ ಗಲ್ಲಾ ಎರಡೂ ಒಂದೇ ಆಗಿ, ಮಗಳ ಮದುವೆಗೋ ಹಬ್ಬಕ್ಕೋ ಗಲ್ಲಾದಿಂದನೇ ತೆಗೆದು, ಕೊನೆಗೆ ಮೆಣಸಿನಕಾಯಿ ತರೋಕೇ ದುಡ್ಡಿಲ್ಲದ ಹಂಗೆ ಆಗಿದ್ದು.

ಇಂಥ ವ್ಯಾಪಾರದ ಬುದ್ಧಿ ಕಲಿಸೋ ಜಾಗ ನಮ್ಮ ರಾಜ್ಯದಲ್ಲೇ ಇದೆ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದೋರು, ಸಿಂಡಿಕೇಟ್ ಬ್ಯಾಂಕು, ಕೆನರಾ ಬ್ಯಾಂಕು ಸೇರಿ ಶುರು ಮಾಡಿದ್ದು ರುಡ್‌ಸೆಟ್ ಸಂಸ್ಥೆ, ಹಳ್ಳಿ ಯುವಕ ಯುವತಿಯರಿಗೆ ಸ್ವಂತ ಉದ್ಯೋಗದ ತರಬೇತಿ ಕೊಡೋದು. ಅದನ್ನೇ ಮಾದರಿಯಾಗಿ ಇಟ್ಕೊಂಡು ಕೇಂದ್ರ ಸರ್ಕಾರ ಆಮೇಲೆ ದೇಶದ ತುಂಬಾ ಆರ್‌ಸೆಟಿಗಳನ್ನ, ಅಂದ್ರೆ ಬ್ಯಾಂಕ್‌ನೋರು ನಡೆಸೋ ಇಂಥದ್ದೇ ತರಬೇತಿ ಕೇಂದ್ರಗಳನ್ನ ಮಾಡಿಸ್ತು, ಊಟ ವಸತಿ ತರಬೇತಿ ಎಲ್ಲಾ ಫ್ರೀ. ಹೊಲಿಗೆ, ಮೊಬೈಲ್ ರಿಪೇರಿ, ಹೈನುಗಾರಿಕೆ ಕಲಿಸ್ತಾರೆ ಅನ್ನೋದಷ್ಟೇ ಜನಕ್ಕೆ ಗೊತ್ತು, ಆದ್ರೆ ನನ್ ಪ್ರಕಾರ ಅಲ್ಲಿ ಆಡಿಸೋ ಆಟಗಳು ಅದಕ್ಕಿಂತ ದೊಡ್ಡವು. ಒಂದು ಕೋಲು ನಿಲ್ಲಿಸಿ ರಿಂಗ್ ಎಸೀರಿ ಅಂತಾರೆ, ಎಷ್ಟು ದೂರದಿಂದ ಎಸೀತೀರೋ ಅಷ್ಟು ಪಾಯಿಂಟ್ ಜಾಸ್ತಿ, ಎಲ್ಲಿ ನಿಲ್ಲಬೇಕು ಅನ್ನೋದು ನಿಮಗೇ ಬಿಟ್ಟಿದ್ದು. ಒಬ್ರು ಕೋಲಿನ ಪಕ್ಕದಲ್ಲೇ ನಿಂತ್ಕೋತಾರೆ, ಇನ್ನೊಬ್ರು ಎಲ್ಲರೂ ನೋಡಲಿ ಅಂತ ಗೋಡೆ ಹತ್ರ ಹೋಗಿ ಎಸೆದು ಒಂದೂ ಬೀಳಿಸಲ್ಲ. ಕೈ ಪಳಗಿದ ಹಂಗೆಲ್ಲ ಒಂದೊಂದೇ ಹೆಜ್ಜೆ ಹಿಂದೆ ಹೋಗೋರು ಕಮ್ಮಿ. ಲೋನ್ ಫಾರ್ಮ್‌ನಲ್ಲಿ ಎಷ್ಟು ಲಕ್ಷ ಅಂತ ಬರೆಯೋವಾಗ ನಮ್ಮ ಬುದ್ಧಿ ಹೆಂಗಿರುತ್ತೆ ಅನ್ನೋದು ಅಲ್ಲೇ ಗೊತ್ತಾಗಿಬಿಡುತ್ತೆ. ಅಮೆರಿಕದ ಮನಃಶಾಸ್ತ್ರಜ್ಞ ಡೇವಿಡ್ ಮೆಕ್ಲೆಲ್ಯಾಂಡ್ 1964ರಲ್ಲಿ ಆಂಧ್ರದ ಕಾಕಿನಾಡದ ವ್ಯಾಪಾರಸ್ಥರಿಗೆ ಇಂಥದ್ದೇ ತರಬೇತಿ ಕೊಡಿಸಿದ್ರು, ಛಲ ಹುಟ್ಟಿಂದಲೇ ಬರಬೇಕು ಅಂತಿಲ್ಲ, ದೊಡ್ಡೋರಾದ ಮೇಲೂ ಬೆಳೆಸ್ಬಹುದು ಅನ್ನೋದು ಅವರ ವಾದ. ನಾನು ಅದನ್ನ ಪೂರ್ತಿ ನಂಬ್ತೀನಿ.

ಇನ್ನು ವ್ಯಾಪಾರದಲ್ಲಿ ಪ್ರಾಮಾಣಿಕವಾಗಿರೋ ವಿಷಯ. 2024ರ ಮಾರ್ಚಲ್ಲಿ ನಮ್ಮ ಸರ್ಕಾರ ಗೋಬಿ ಮಂಚೂರಿಗೆ, ಬಾಂಬೆ ಮಿಠಾಯಿಗೆ ಕೃತಕ ಬಣ್ಣ ಹಾಕಂಗಿಲ್ಲ ಅಂತ ಆದೇಶ ಮಾಡ್ತಲ್ಲ, ಟೆಸ್ಟ್ ಮಾಡಿದ ಕೆಲವು ಸ್ಯಾಂಪಲ್‌ಗಳಲ್ಲಿ ಬಟ್ಟೆಗೆ ಹಾಕೋ ರೋಡಮೈನ್-ಬಿ ಸಿಕ್ಕಿತ್ತು. ಗಾಡಿ ಇಟ್ಕೊಂಡೋನು ಜನರ ಹೊಟ್ಟೆ ಕೆಡಿಸ್ಬೇಕು ಅಂತ ಮನೆಯಿಂದ ಹೊರಟಿರಲ್ಲ, ಪಕ್ಕದ ಗಾಡಿ ಗೋಬಿ ಕೆಂಪಗಿದೆ, ಗಿರಾಕಿ ಅಲ್ಲಿಗೆ ಹೋಗ್ತಾನೆ ಅನ್ನೋ ಭಯ ಅವನಿಗೆ. ಆಲೆಮನೆಯೋರದ್ದೂ ಇದೇ ಕಥೆ, ಹೈಡ್ರೋಸ್ ಅನ್ನೋ ಬಣ್ಣ ತಿಳಿ ಮಾಡೋ ಕೆಮಿಕಲ್ ಹಾಕಿದ್ರೆ ಬೆಲ್ಲ ಹಳದಿ ಬರುತ್ತೆ, ಹಾಕದಿದ್ರೆ ಕಂದು ಬಣ್ಣ, ಮಾರ್ಕೆಟ್‌ನಲ್ಲಿ ರೇಟ್ ಸಿಗಲ್ಲ ಅಂತಾರೆ. ನನಗೂ ಖಾರದ ಪುಡಿಲಿ ಇದೇ ತೊಂದ್ರೆ, ಬ್ಯಾಡಗಿ ಮೆಣಸಿನಕಾಯಿ ಬಣ್ಣ ಲಾಟಿಂದ ಲಾಟಿಗೆ ಬೇರೆ ಇರುತ್ತೆ, ಹಳೇದಾದ್ರೆ ಬಣ್ಣ ಇಳಿಯುತ್ತೆ, ಗಿರಾಕಿಗಳು ಹೋದ ಸಲದ ಹಂಗಿಲ್ವಲ್ಲ ಅಂತಾರೆ. ಆವಾಗ ಕೂತ್ಕೊಂಡು ವಿವರಿಸೋ ತಾಳ್ಮೆ ಬೇಕು, ಅಷ್ಟಾದ್ರೂ ಬೇಡ ಅಂದ್ರೆ ಆ ವ್ಯಾಪಾರ ಬಿಡೋ ಗಟ್ಟಿತನ ಬೇಕು. ಒಳ್ಳೆಯೋರಾಗಿರಿ ಅಂತ ಭಾಷಣ ಮಾಡಿದ್ರೆ ಇದು ಬರಲ್ಲ, ಗಿರಾಕಿ ಎದುರು ನಿಂತು ಏನು ಹೇಳ್ಬೇಕು ಅಂತ ಅಭ್ಯಾಸ ಮಾಡಿಸ್ಬೇಕು. ಬೆಂಗಳೂರಿನ ಎಂಟಿಆರ್‌ನ ಯಜ್ಞನಾರಾಯಣ ಮಯ್ಯ ಅವರು 1951ರಲ್ಲಿ ಯೂರೋಪ್ ನೋಡ್ಕೊಂಡು ಬಂದ ಮೇಲೆ ಹೋಟೆಲ್ ಶುಚಿತ್ವಕ್ಕೆ ಎಷ್ಟು ಒತ್ತು ಕೊಟ್ರು ಅಂದ್ರೆ ಗಿರಾಕಿಗಳು ಅಡುಗೆಮನೆನೇ ನೋಡ್ಬಹುದಿತ್ತು, ಅವರ ನಂಬಿಕೆ ಗಳಿಸೋಕೆ ಅದಕ್ಕಿಂತ ಒಳ್ಳೆ ದಾರಿ ಯಾವ್ದಿದೆ?

ಸಬ್ಸಿಡಿ ಬಗ್ಗೆ ಒಂದು ಮಾತು ಹೇಳಲೇಬೇಕು. ಹಳ್ಳಿ ಕಡೆ ಹೆಣ್ಮಕ್ಕಳಿಗೆ ಪಿಎಂಇಜಿಪಿಲಿ 35% ಸಬ್ಸಿಡಿ ಇದೆ, ಅದು ತಕ್ಷಣ ಕೈಗೆ ಬರಲ್ಲ, 3 ವರ್ಷ ಬ್ಯಾಂಕಲ್ಲೇ ಡೆಪಾಸಿಟ್ ಆಗಿರುತ್ತೆ. ಮಷೀನಿನ ಕೊಟೇಶನ್ ಜಾಸ್ತಿ ಹಾಕ್ಕೊಡ್ತೀನಿ, ಮಿಕ್ಕ ದುಡ್ಡು ಹಂಚ್ಕೊಳ್ಳೋಣ ಅನ್ನೋ ಡೀಲರ್‌ಗಳು ಎಲ್ಲಾ ಕಡೆ ಇದ್ದಾರೆ, ಹಂಗೆ ಮಾಡಿದೋರು ಇಲ್ಲದ ಮಷೀನಿಗೂ ಇಎಂಐ ಕಟ್ಟಬೇಕಾಗುತ್ತೆ. ಇದನ್ನ ಕಾರ್ಯಾಗಾರದಲ್ಲಿ ಯಾರೂ ಬಾಯಿ ಬಿಟ್ಟು ಹೇಳಲ್ಲ. ದಯವಿಟ್ಟು ಹೇಳಿ.

ಹಂಗೇ ಬಾಕಿ ಕೇಳೋದು. 2006ರ ಎಂಎಸ್‌ಎಂಇ ಕಾಯ್ದೆ, ಅಂದ್ರೆ ಸಣ್ಣ ಮಧ್ಯಮ ಉದ್ಯಮಗಳ ಕಾನೂನಿನ ಪ್ರಕಾರ ನಮ್ಮಂಥ ಸಣ್ಣ ಯೂನಿಟ್‌ನೋರ ಹತ್ರ ಮಾಲು ತಗೊಂಡೋರು ಹೆಚ್ಚಂದ್ರೆ 45 ದಿನದೊಳಗೆ ದುಡ್ಡು ಕೊಡಬೇಕು, ತಡ ಆದ್ರೆ ಆರ್‌ಬಿಐ ಹೇಳೋ ಬ್ಯಾಂಕ್ ರೇಟಿನ ಮೂರು ಪಟ್ಟು ಬಡ್ಡಿ. ಕಾನೂನು ಇದೆ, ಆದ್ರೆ ಆರ್ಡರ್ ಕೈ ತಪ್ಪುತ್ತೆ ಅಂತ ಯಾರೂ ಕೇಳಲ್ಲ, ಆ ಭಯ ಕೊನೆಗೆ ನಮ್ಮಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸೋ ಹೆಣ್ಮಕ್ಕಳ ಕೂಲಿ ಮೇಲೆ ಬೀಳುತ್ತೆ, ಅವರಿಗೆ ಮುಂದಿನ ವಾರ ಅಂತ ಹೇಳ್ತೀವಿ. ಮರ್ಯಾದೆಯಿಂದ, ಆದ್ರೆ ಅಳುಕಿಲ್ದೆ ದುಡ್ಡು ಕೇಳೋದನ್ನ ಇಪ್ಪತ್ತರ ಹುಡುಗ ಹುಡುಗೀರಿಗೆ ಕಲಿಸ್ಲೇಬೇಕು.

ಕಾಲೇಜಿನೋರಲ್ಲಿ ನನ್ನ ವಿನಂತಿ ಇಷ್ಟೇ, ಒಂದು ದಿನದ ಕಾರ್ಯಕ್ರಮ ಬಿಟ್ಟು ಆಸಕ್ತಿ ಇರೋ ಮಕ್ಕಳನ್ನ ಒಂದು ಸೆಮಿಸ್ಟರ್ ಪೂರ್ತಿ ವಾರಕ್ಕೊಂದು ದಿನ ಊರಿನ ಯಾವ್ದಾದ್ರೂ ಅಂಗಡಿ, ವರ್ಕ್‌ಶಾಪ್, ಬೇಕರಿಗೆ ಕಳಿಸಿ, ಅಲ್ಲಿನ ಲೆಕ್ಕ ಬರೀಲಿ, ಗಿರಾಕಿ ಜಗಳ ನೋಡ್ಲಿ, ಜಿಲ್ಲೆಯ ಆರ್‌ಸೆಟಿಯೋರನ್ನ ಕರೆಸಿ ಆ ಆಟಗಳನ್ನ ಆಡಿಸಿ. ನಿಮ್ಮ ಪತ್ರಿಕೆಲೂ ಗೆದ್ದೋರ ಯಶೋಗಾಥೆ ಬರ್ತಾನೇ ಇರುತ್ತೆ, ಅದರ ಜೊತೆಗೆ ಯೂನಿಟ್ ಮುಚ್ಚಿದೋರನ್ನೂ ಹೆಸರು ಹಾಕದೆ ಮಾತಾಡ್ಸಿ, ದುಡ್ಡು ಎಲ್ಲಿ ಸೋರ್ತು, ಯಾರಿಗೆ ಇಲ್ಲ ಅನ್ನೋಕೆ ಆಗಲಿಲ್ಲ ಅಂತ ಕೇಳಿ ಬರೆದ್ರೆ ಹೊಸಬರಿಗೆ ತುಂಬಾ ಉಪಯೋಗ ಆಗುತ್ತೆ.

ಇಂತಿ,
ನಿಮ್ಮ ಒಬ್ಬ ಓದುಗಿ, ಹಿರಿಯೂರು