ಮಹಜರು ಬರೆದ ಮಾವನ ಕಾಗದ

ಉಡುಪಿ
ಆಟಿ ತಿಂಗಳು, ಮಳೆ ಜೋರು

ಪ್ರೀತಿಯ ಸ್ವಾತಿಗೆ,

ಮಾವನ ಆಶೀರ್ವಾದಗಳು.

ನೀನು ಬರೆದು ಕಳಿಸಿದ ಪತ್ತೇದಾರಿ ಕಾದಂಬರಿ ಬಂತು. ಫೋನಿನಲ್ಲಿ ಓದಲು ಕಣ್ಣು ಕೇಳುವುದಿಲ್ಲ, ಹಾಗಾಗಿ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿದೆ. ಅಲ್ಲಿಯ ಹುಡುಗ ಮೊದಲ ಪುಟ ಓದಿ, "ರಿಟೈರ್ ಆದ ಮೇಲೂ ಕೊಲೆ ಕೇಸಾ ಸರ್?" ಅಂತ ಕೇಳಿದ. ಎರಡು ದಿನ ಮಳೆ ಬಿಡಲಿಲ್ಲ. ನಾನೂ ಪುಸ್ತಕ ಬಿಡಲಿಲ್ಲ.

ಓದಿಸಿಕೊಂಡು ಹೋಗುತ್ತದೆ. ಅದು ಸಣ್ಣ ಮಾತಲ್ಲ. ನಾವು ಹುಡುಗರಾಗಿದ್ದಾಗ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಸಮಾಜ ಪುಸ್ತಕದ ಒಳಗೆ ಇಟ್ಟುಕೊಂಡು ಓದಿದವರು. ಐನೂರಕ್ಕೂ ಹೆಚ್ಚು ಕಾದಂಬರಿ ಬರೆದರು ಅವರು! ನಾನು ಪೊಲೀಸಿಗೆ ಸೇರಿದ್ದಕ್ಕೆ ಆ ಪುರುಷೋತ್ತಮನೂ ಒಂದು ಕಾರಣ. ಸೇರಿದ ಮೇಲೆ ನನ್ನ ಅಕ್ಷರ ಚಂದ ಉಂಟು ಅಂತ ಸ್ಟೇಷನ್ ರೈಟರ್, ಅಂದರೆ ಠಾಣೆಯ ಬರವಣಿಗೆಯವನು, ಮಾಡಿ ಕೂರಿಸಿದರು. ಪಿಸ್ತೂಲಿನ ಕನಸು ಅಲ್ಲಿಗೆ ಮುಗಿಯಿತು.

ಈಗ ನಿನ್ನ ಕತೆಗೆ ಬರುತ್ತೇನೆ. ಬೇಜಾರು ಮಾಡಿಕೊಳ್ಳಬೇಡ.

ಎರಡನೇ ಅಧ್ಯಾಯದಲ್ಲಿ ಜುಲೈ 10ರ ರಾತ್ರಿ ಮಲ್ಪೆಯಿಂದ ಟ್ರಾಲ್ ಬೋಟು ಹೊರಟು, ಬಲೆಗೆ ಹೆಣ ಸಿಗುತ್ತದೆ. ಮಾರಾಯ್ತಿ, ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟಿಗೆ ಮೀನುಗಾರಿಕೆ ನಿಷೇಧ ಅಲ್ವಾ? ಆಗ ಬೋಟೆಲ್ಲ ಬಂದರಿನ ಧಕ್ಕೆಯಲ್ಲಿ ಒಂದಕ್ಕೊಂದು ಒತ್ತಿಕೊಂಡು ನಿಂತಿರುತ್ತವೆ. ನೀನೂ ನೋಡಿದ್ದೀಯಲ್ಲ. ಆದರೆ ಬರೆಯುವಾಗ ಯಾವುದೋ ವೆಬ್ ಸೀರೀಸಿನ ಕಡಲು ಕಣ್ಣಿಗೆ ಬಂತು. ಬೇಕಾದರೆ ಇದನ್ನೇ ಸುಳಿವು ಮಾಡು. "ಆ ರಾತ್ರಿ ನಾನು ಬೋಟಿನಲ್ಲಿದ್ದೆ" ಅಂತ ಒಬ್ಬ ಸಾಕ್ಷಿ ಜುಲೈ ತಿಂಗಳ ರಾತ್ರಿಯ ಬಗ್ಗೆ ಹೇಳಲಿ. ಊರಿನ ಓದುಗ ಅಲ್ಲೇ ನಗುತ್ತಾನೆ. ಬೆಂಗಳೂರಿನಿಂದ ಬಂದ ನಿನ್ನ ಇನ್ಸ್‌ಪೆಕ್ಟರಿಗೆ ಗೊತ್ತಾಗುವುದು ನೂರು ಪುಟ ಆದ ಮೇಲೆ.

ಆಮೇಲೆ ಆ ಸೈನೈಡ್. ಸುಮ್ನೆ ಯಾಕೆ ಅದು? ನಮ್ಮ ಊರಿನ ವಿಷ ನಮ್ಮ ಹಿತ್ತಿಲಲ್ಲೇ ಉಂಟು. ಆಟಿ ಅಮಾವಾಸ್ಯೆಯ ದಿನ ಕುಡಿಯುವ ಹಾಲೆ ಕಷಾಯ ನೆನಪು ಮಾಡಿಕೋ. ಸೂರ್ಯ ಹುಟ್ಟುವ ಮೊದಲು ಹಾಲೆ ಮರಕ್ಕೆ ಹೋಗಿ, ಕತ್ತಿ ಮುಟ್ಟಿಸದೆ ಕಲ್ಲಿನಿಂದ ಜಜ್ಜಿ ಕೆತ್ತೆ, ಅಂದರೆ ತೊಗಟೆ, ತೆಗೆಯುತ್ತೇವೆ. ಕರಿಮೆಣಸು, ಬೆಳ್ಳುಳ್ಳಿ, ಓಮ ಹಾಕಿ ಅರೆದ ಆ ಕಷಾಯ ಎಷ್ಟು ಕಹಿ ಅಂತ ನಿನಗೆ ಗೊತ್ತು. ಚಿಕ್ಕವಳಿದ್ದಾಗ ಕುಡಿಯದೆ ಬಚ್ಚಲಲ್ಲಿ ಅಡಗಿದ್ದೆ. ಕತ್ತಲಲ್ಲಿ ಮರ ತಪ್ಪಿ ಕಾಸರಕದ ಕೆತ್ತೆ ತಂದರೆ ಅದು ವಿಷ, ಅದೂ ಅಷ್ಟೇ ಕಹಿ. ಕಹಿಯ ಒಳಗೆ ಕಹಿ ಅಡಗಿದರೆ ಕುಡಿದವನಿಗೆ ಹೇಗೆ ಗೊತ್ತಾಗಬೇಕು? ಊರೆಲ್ಲ "ಅಯ್ಯೋ ಪಾಪ, ಮರ ತಪ್ಪಿತು" ಅನ್ನುತ್ತದೆ. ಆದರೆ ಹಾಲೆಗೆ ಕಲ್ಲು ತಾಗಿದರೆ ಬಿಳಿ ಹಾಲು ಒಸರುತ್ತದೆ, ಕಾಸರಕದಲ್ಲಿ ಹಾಲಿಲ್ಲ. ಕೆತ್ತೆ ತಂದವನ ಕಲ್ಲು ನೋಡಿದರೆ ಸಾಕು. ಅವನು ತಪ್ಪಿದನಾ ಅಥವಾ ಬೇಕಂತ ತಂದನಾ ಅನ್ನುವುದರ ಮೇಲೆ ಇಡೀ ಕಾದಂಬರಿ ನಿಲ್ಲಿಸಬಹುದು. ಇಂಗ್ಲಿಷ್ ಪತ್ತೇದಾರಿ ಕಾದಂಬರಿ ಬರೆದ ಅಗಾಥಾ ಕ್ರಿಸ್ಟಿ ಮೊದಲ ಮಹಾಯುದ್ಧದ ಕಾಲಕ್ಕೆ ಆಸ್ಪತ್ರೆಯ ಔಷಧದ ಕೋಣೆಯಲ್ಲಿ ಕೆಲಸ ಮಾಡಿದವರು. 1920ರ ಅವರ ಮೊದಲ ಕಾದಂಬರಿಯಲ್ಲಿ ಬರುವ ಸ್ಟ್ರಿಕ್ನಿನ್ ವಿಷ ಇದೇ ಕಾಸರಕದ ಬೀಜದಲ್ಲಿ ಇರುವಂಥದ್ದು. ಅವರು ತಮಗೆ ಗೊತ್ತಿದ್ದ ಕಪಾಟಿನಿಂದಲೇ ವಿಷ ತೆಗೆದರು.

ಪತ್ತೇದಾರನ ವಿಷಯವೂ ಹಾಗೆಯೇ. ನಿನ್ನವನು ಕೋಟು ಹಾಕಿಕೊಂಡು ಕಾರಿನಲ್ಲಿ ತಿರುಗುವ ಖಾಸಗಿ ಪತ್ತೇದಾರ. ನಮ್ಮ ದೇಶದಲ್ಲಿ ಅಂಥವರಿಗೆ ಲೈಸೆನ್ಸ್ ಕೊಡುವ ಕಾನೂನು ತರಬೇಕು ಅಂತ 2007ರಲ್ಲಿ ಮಸೂದೆ ಬಂದಿತ್ತು, ಕಾನೂನಾಗಲಿಲ್ಲ. ಅವರಿಗೆ ಬರುವ ಕೆಲಸ ಜಾಸ್ತಿ ಮದುವೆಗೆ ಮೊದಲು ಹುಡುಗನ ವಿಚಾರಣೆ. ಕೊಲೆ ನಡೆದ ಮನೆಗೆ ಅವನನ್ನು ಯಾರೂ ಬಿಡುವುದಿಲ್ಲ. ಕಳೆದ ಸಲ ನೀನು ಕೊಟ್ಟ ಹರಿಣಿ ನಾಗೇಂದ್ರ ಅವರ ಕಾದಂಬರಿ ನೋಡು. 1921ರ ಬೆಂಗಳೂರು, ಡಾಕ್ಟರ ಹೆಂಡತಿ ಕಾವೇರಿ, ಗಣಿತದ ಹುಚ್ಚು. ಪೊಲೀಸರ ಮುಂದೆ ಬಾಯಿ ಬಿಡದ ಹೆಂಗಸರು ಅವಳ ಹತ್ತಿರ ಮಾತಾಡುತ್ತಾರೆ. ಅದು ನಂಬುವ ಹಾಗಿದೆ.

ನಮ್ಮಲ್ಲಿ ಅಂಥ ಜಾಗ ಯಾರದ್ದು? ನನ್ನನ್ನು ಕೇಳಿದರೆ ಬೀಡಿ ಬ್ರಾಂಚಿನಲ್ಲಿ, ಮನೆಯಲ್ಲಿ ಕಟ್ಟಿದ ಬೀಡಿ ಒಪ್ಪಿಸುವ ಜಾಗದಲ್ಲಿ, ಲೆಕ್ಕ ಬರೆಯುವವನದ್ದು. ನಿನ್ನ ಅಜ್ಜಿ ಬೀಡಿ ಕಟ್ಟುತ್ತಿದ್ದರಲ್ಲ, ನಾನು ಬ್ರಾಂಚಿಗೆ ಹೊತ್ತುಕೊಂಡು ಹೋಗುತ್ತಿದ್ದೆ. ಒಂದು ದಿನ ಅವರಿಗೆ ಜ್ವರ. ಅರ್ಧಕ್ಕೆ ಬಿಟ್ಟಿದ್ದನ್ನು ಪಕ್ಕದ ಮನೆಯ ಅಕ್ಕ ಕಟ್ಟಿಕೊಟ್ಟಳು. ಬ್ರಾಂಚಿನವರು ಕಟ್ಟು ಕೈಯಲ್ಲಿ ತಿರುಗಿಸಿದರು, ತಲೆ ಮಡಚಿದ್ದನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿದರು. "ಅಮ್ಮನಿಗೆ ಹುಷಾರಿಲ್ವಾ?" ಅಂತ ಕೇಳಿದರು. ನಾನು ಏನೂ ಹೇಳಿರಲಿಲ್ಲ! "ಸಂಜೆಯೆಲ್ಲ ಮನೆಯಲ್ಲಿ ಬೀಡಿ ಕಟ್ಟುತ್ತಿದ್ದೆ" ಅನ್ನುವ ಒಬ್ಬಳು, ಆ ದಿನದ ಕಟ್ಟಿನಲ್ಲಿ ಬೇರೆ ಯಾರದ್ದೋ ಕೈ. ಇಂಥದ್ದು ಲಂಡನ್ನಿನವರಿಗೆ ಎಲ್ಲಿ ಸಿಗಬೇಕು ಹೇಳು.

ಕಾನೂನು ಬೇಗ ಮುಗಿಸುತ್ತೇನೆ. ನಿನ್ನ ಕತೆ ನಡೆಯುವುದು 2025ರಲ್ಲಿ. 2024ರ ಜುಲೈ 1ರಿಂದೀಚೆಗಿನ ಕೊಲೆಗೆ ಹಳೇ ಐಪಿಸಿಯ ಸೆಕ್ಷನ್ 302 ಇಲ್ಲ, ಭಾರತೀಯ ನ್ಯಾಯ ಸಂಹಿತೆಯ 103. ಹೊಸ ಸಂಹಿತೆಯ 302 ಅಂದರೆ ಧಾರ್ಮಿಕ ಭಾವನೆ ನೋಯಿಸುವ ಮಾತು. ಹಳೇ ಹೆಡ್ ಕಾನ್‌ಸ್ಟೆಬಲ್ ಒಬ್ಬ ಬಾಯಿ ತಪ್ಪಿ 302 ಅಂದರೆ ಚಂದ, ಎಸ್‌ಐ ಎಫ್‌ಐಆರ್‌ನಲ್ಲಿ ಬರೆದರೆ ಚಂದ ಅಲ್ಲ. ಇನ್ನೊಂದು, ಕೊನೆಗೆ ಕೊಲೆಗಾರ ಇನ್ಸ್‌ಪೆಕ್ಟರ್ ಮುಂದೆ ಅತ್ತು ಎಲ್ಲ ಒಪ್ಪಿಕೊಳ್ಳುತ್ತಾನೆ, ಅಲ್ಲಿಗೆ ಕೇಸು ಮುಗಿಯುತ್ತದೆ. ಪೊಲೀಸರ ಮುಂದೆ ಹೇಳಿದ ತಪ್ಪೊಪ್ಪಿಗೆಗೆ ಕೋರ್ಟಿನಲ್ಲಿ ಬೆಲೆ ಇಲ್ಲ. ಅವನು ಹೇಳಿದ ಜಾಗದಲ್ಲಿ ಕತ್ತಿ ಸಿಕ್ಕಿದರೆ, ಆ ಸಿಕ್ಕಿದ್ದಕ್ಕೆ ಸಂಬಂಧಪಟ್ಟಷ್ಟು ಮಾತಿಗೆ ಮಾತ್ರ ಬೆಲೆ. ಆದ್ದರಿಂದ ಅವನು ಅಳುವುದಕ್ಕಿಂತ ಕತ್ತಿ ಎಸೆದ ಬಾವಿ ತೋರಿಸುವುದು ಮುಖ್ಯ.

ನನ್ನ ಒಂದು ತಪ್ಪು ಹೇಳುತ್ತೇನೆ. ನಿನ್ನ ಅತ್ತೆಗೂ ಪೂರ್ತಿ ಹೇಳಿಲ್ಲ. ಅಡಿಕೆ ಕಳವಿನ ಕೇಸು. ಮಳೆಗಾಲದ ರಾತ್ರಿ, ಕಳ್ಳ ಅಡಿಕೆ ಇಟ್ಟಿದ್ದ ಕೊಟ್ಟಿಗೆಯಲ್ಲಿ ಮಹಜರು, ಅಂದರೆ ಪಂಚರು ಅನ್ನುವ ಸಾಕ್ಷಿಗಳ ಮುಂದೆ ಕಂಡದ್ದನ್ನೆಲ್ಲ ಬರೆದಿಡುವುದು. ಸಂಜೆಯೇ ಲೈನಿನ ಮೇಲೆ ಮರ ಬಿದ್ದು ಕರೆಂಟ್ ಹೋಗಿತ್ತು. ಪಂಚರಲ್ಲೊಬ್ಬರು ಟಾರ್ಚ್ ಹಿಡಿದರು, ನಾನು ಮೂಟೆಯ ಮೇಲೆ ಕಾಗದ ಇಟ್ಟು ಬರೆದೆ. ಗೋಣಿಯ ಬಣ್ಣ, ಹೊಲಿಗೆ, ತೂಕ, ಎಲ್ಲ ಬಂತು. ಕೊನೆಯ ಸಾಲು ಕೈ ತಾನಾಗಿ ಬರೆಯಿತು: "ವಿದ್ಯುತ್ ದೀಪದ ಬೆಳಕಿನಲ್ಲಿ ಬರೆದು ಮುಗಿಸಲಾಯಿತು." ನೂರಾರು ಮಹಜರಿಗೆ ಹಾಗೇ ಬರೆದ ಕೈ. ಕೋರ್ಟಿನಲ್ಲಿ ವಕೀಲರು ಆ ಪಂಚರನ್ನು ಕೇಳಿದ್ದು ಒಂದೇ ಪ್ರಶ್ನೆ, ಬೆಳಕು ಯಾವುದಿತ್ತು ಅಂತ. ಅವರು ಸತ್ಯ ಹೇಳಿದರು. ಉಳಿದ ಮೂರು ಪುಟ ಸತ್ಯವಾಗಿದ್ದರೂ ಯಾರೂ ನಂಬಲಿಲ್ಲ. ಆರೋಪಿ ನನ್ನ ಮುಂದೆಯೇ ಬೀಡಿ ಹಚ್ಚಿಕೊಂಡು ಬಸ್ ಹತ್ತಿದ.

ನಿನ್ನ ಟ್ರಾಲ್ ಬೋಟು, ಸೈನೈಡ್, ಕೋಟು, ಎಲ್ಲ ನನ್ನ ವಿದ್ಯುತ್ ದೀಪದ ಹಾಗೆಯೇ. ನೀನು ನೋಡಿ ಬರೆದದ್ದಲ್ಲ, ಕೈ ಬರೆದದ್ದು. ಆ ಕೊಟ್ಟಿಗೆಯಲ್ಲಿ ಟಾರ್ಚ್ ಹಿಡಿದು ನಿಂತು ಇನ್ನೊಮ್ಮೆ ನೋಡು. ಪತ್ತೇದಾರ ಕಂಡದ್ದೆಲ್ಲ ಓದುಗನಿಗೂ ಕಾಣಲಿ, ಮುಚ್ಚಿಡಬೇಡ. ಕೊಲೆಗಾರನ ಅಣ್ಣ ದುಬೈಯಲ್ಲಿದ್ದ ಅಂತ ಕೊನೆಯ ಹತ್ತು ಪುಟದಲ್ಲಿ ಹೇಳಿದ್ದೀಯಲ್ಲ, ಅದು ಮೋಸ. ಅವನಿಂದ ಒಂದು ಪೆಟ್ಟಿಗೆ ಖರ್ಜೂರವಾದರೂ ಮೂರನೇ ಅಧ್ಯಾಯಕ್ಕೆ ಬರಲಿ.

ಒಂದು ಮಾತು ಬಾಕಿ. ನಾನು ಓದಿ ಇಟ್ಟ ಹಾಳೆಗಳನ್ನು ನಿನ್ನ ಅತ್ತೆಯೂ ಓದಿದಳು. ನಾಲ್ಕನೇ ಅಧ್ಯಾಯಕ್ಕೇ ಕೊಲೆಗಾರನ ಹೆಸರು ಹೇಳಿಬಿಟ್ಟಳು. ಹೇಗೆ ಅಂತ ಕೇಳಿದರೆ, "ಸಾವಿನ ಮನೆಗೆ ಬಂದವರೆಲ್ಲ ಜಗಲಿಯ ಕೆಳಗೆ ಚಪ್ಪಲಿ ಬಿಟ್ಟಿದ್ದು ಬರೆದಿದ್ದಾಳೆ, ಇವನೊಬ್ಬನದ್ದು ಬರೆದಿಲ್ಲ. ಇವನು ಮೊದಲೇ ಒಳಗಿದ್ದ" ಅಂದಳು. ನೀನು ಬೇಕಂತ ಬಿಟ್ಟದ್ದಾ, ಮರೆತದ್ದಾ? ಮರೆತದ್ದಾದರೆ ಯಾರಿಗೂ ಹೇಳಬೇಡ.

ಕೃಷ್ಣಾಷ್ಟಮಿಗೆ ಬಾ. ಪ್ರಿಂಟಿನ ಬದಿಯಲ್ಲೆಲ್ಲ ಕೆಂಪು ಪೆನ್ನಿನಲ್ಲಿ ಗೀಚಿ ಇಟ್ಟಿದ್ದೇನೆ.

ಇತಿ,
ನಿನ್ನ ಮಾವ