‘ಮೃತ್ಯುಂಜಯ’ ಎಂದೇ ಇಡಬಹುದೇ?

ಮಾಟುಂಗಾ, ಮುಂಬಯಿ

ಪ್ರೀತಿಯ ತಮ್ಮ,

ಹಸ್ತಪ್ರತಿ ಕೈಸೇರಿತು. ಪರೇಲಿನ ಆಸ್ಪತ್ರೆಯ ವಾರ್ಡ್‌ಬಾಯ್ ಕಥೆಗೆ ‘ಮೃತ್ಯುಂಜಯ’ ಎಂದು ಹೆಸರಿಟ್ಟಿದ್ದೀಯ. ‘ಅದು ಶಿವಾಜಿ ಸಾವಂತರ ಕಾದಂಬರಿಯ ಹೆಸರು, ನೋಟಿಸು ಬರುತ್ತದೆ’ ಎಂದು ಪುಣೆಯ ಗೆಳೆಯ ಹೆದರಿಸಿದ್ದಾನಂತೆ. ನೋಟಿಸಿನ ಚಿಂತೆ ಬಿಡು. ಬರೀ ಹೆಸರಿಗೆ ಕಾಪಿರೈಟ್ ಇಲ್ಲ. ‘ದೇಸಿ ಬಾಯ್ಜ್’ ಸಿನಿಮಾದ ಹೆಸರಿನ ಜಗಳ ಬಾಂಬೆ ಹೈಕೋರ್ಟು ದಾಟಿ ಸುಪ್ರೀಂ ಕೋರ್ಟಿಗೆ ಹೋದಾಗ, 2015ರಲ್ಲಿ ಸಿಕ್ಕ ಉತ್ತರ ಇದೇ: ಶೀರ್ಷಿಕೆಯೊಂದೇ ‘ಕೃತಿ’ ಎನಿಸಿಕೊಳ್ಳುವುದಿಲ್ಲ. ಆದರೆ ಹೆಸರಿನ ಜೊತೆ ಮುಖಪುಟದ ಅಕ್ಷರ, ಬಣ್ಣ, ಚಿತ್ರ ಎಲ್ಲವನ್ನೂ ಹೋಲಿಸಿ, ಕೊಳ್ಳುವವರು ಅದೇ ಪುಸ್ತಕ ಅಂದುಕೊಳ್ಳುವಂತೆ ಮಾಡಿದರೆ ಅದು ಬೇರೆ ಕಾನೂನಿನ ತಂಟೆ. ಪತ್ರಿಕೆಯ ಮಾತೂ ಬೇರೆ. ಅಲ್ಲಿ ಹೆಸರನ್ನು ಮೊದಲೇ ಪರಿಶೀಲನೆಗೆ ಕೊಡಬೇಕು, ಅದೇ ಭಾಷೆಯಲ್ಲಿ ದೇಶದ ಯಾವ ಮೂಲೆಯಲ್ಲಿ ಆ ಹೆಸರು ಇದ್ದರೂ ಸಿಗುವುದಿಲ್ಲ. ಪುಸ್ತಕಕ್ಕೆ ಅಂಥ ಬೇಲಿ ಇಲ್ಲ.

ಇನ್ನು ನೀನಿಟ್ಟ ಹೆಸರಿನ ವಿಷಯ. ಅಲ್ಲಿ ಈಗಾಗಲೇ ಕೂತಿರುವವರು ಒಬ್ಬರಲ್ಲ. 1967ರ ಸಾವಂತರ ಮರಾಠಿ ಕಾದಂಬರಿಯಲ್ಲಿ ಮೃತ್ಯುಂಜಯ ಎಂದರೆ ಕರ್ಣ. ಕಥೆಯನ್ನು ಕರ್ಣ, ಕುಂತಿ, ದುರ್ಯೋಧನ, ವೃಷಾಲಿ, ಶೋಣ, ಕೃಷ್ಣ ಸರದಿಯಲ್ಲಿ ಹೇಳುತ್ತಾರೆ. ಬೀರೇಂದ್ರಕುಮಾರ ಭಟ್ಟಾಚಾರ್ಯರ ಅಸ್ಸಾಮಿ ‘ಮೃತ್ಯುಂಜಯ’ 1942ರ ಚಳವಳಿಯದು, ಜ್ಞಾನಪೀಠ ಪಡೆದದ್ದು. ಕನ್ನಡದಲ್ಲಿ ನಿರಂಜನರ ‘ಮೃತ್ಯುಂಜಯ’ ಹೋಗಿ ನಿಂತದ್ದು ಪ್ರಾಚೀನ ಈಜಿಪ್ಟಿನಲ್ಲಿ, ದಂಗೆಯೆದ್ದ ಜನಸಾಮಾನ್ಯರ ನಡುವೆ. ಮೂವರೂ ಒಬ್ಬರ ಹೊಲಕ್ಕೆ ಇನ್ನೊಬ್ಬರು ಕಾಲಿಟ್ಟಿಲ್ಲ. ಸಾವನ್ನು ಗೆದ್ದವನು ಯಾರು ಎಂಬ ಒಂದೇ ಪ್ರಶ್ನೆಗೆ ಮೂರು ಉತ್ತರ, ಅಷ್ಟೆ. ನಿನ್ನ ವಾರ್ಡ್‌ಬಾಯ್ ನಾಲ್ಕನೆಯ ಉತ್ತರವಾದರೆ ಹೆಸರು ಉಳಿಸಿಕೋ. ಚೆಂದ ಕೇಳಿಸುತ್ತದೆ ಎಂದಷ್ಟೇ ಇಟ್ಟಿದ್ದರೆ ತೆಗೆ.

ಪುರಾಣದ ಹೆಸರು ಎಲ್ಲರಿಗೂ ಸೇರಿದ ಗೋಮಾಳ. ಖಾಂಡೇಕರರ ‘ಯಯಾತಿ’ 1959ರದು, ಕಾರ್ನಾಡರ ನಾಟಕ ‘ಯಯಾತಿ’ 1961ರದು. ಎರಡೇ ವರ್ಷದ ಅಂತರ, ಆದರೂ ಗೊಂದಲವಾಗಲಿಲ್ಲ. ಒಂದು ಮರಾಠಿ ಕಾದಂಬರಿ, ಇನ್ನೊಂದು ಕನ್ನಡ ನಾಟಕ. ಕಾರ್ನಾಡರಲ್ಲಿ ಭಾರ ಬೀಳುವುದು ಅಪ್ಪನ ಮುಪ್ಪನ್ನು ಹೊರುವ ಪೂರುವಿನ ಮೇಲೆ, ಅವನ ಹೆಂಡತಿ ಚಿತ್ರಲೇಖೆಯ ಮೇಲೆ.

ನಿಜವಾಗಿ ಮುಳುಗುವುದು ದಿನಬಳಕೆಯ ಒಂಟಿ ಪದದ ಹೆಸರು. ನಮ್ಮ ಮುಂಬಯಿಯ ವ್ಯಾಸರಾಯ ಬಲ್ಲಾಳರ ‘ಬಂಡಾಯ’ಕ್ಕೆ 1986ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ. ಬರೀ ‘ಬಂಡಾಯ’ ಎಂದು ಹುಡುಕಿ ನೋಡು, ಬಂಡಾಯ ಸಾಹಿತ್ಯ ಚಳವಳಿಯ ಲೇಖನಗಳ ರಾಶಿಯಡಿ ಕಾದಂಬರಿಯನ್ನು ಅಗೆದು ತೆಗೆಯಬೇಕು. ಯಶವಂತ ಚಿತ್ತಾಲರ ‘ಶಿಕಾರಿ’ 1979ರದು. 2012ರಲ್ಲಿ ಮಮ್ಮುಟ್ಟಿಯ ಕನ್ನಡ ಸಿನಿಮಾ ‘ಶಿಕಾರಿ’ ಬಂತು. ಒಂದಕ್ಕೊಂದು ಸಂಬಂಧವಿಲ್ಲ, ಆದರೆ ಹುಡುಕುವ ಯಂತ್ರಕ್ಕೆ ಅದು ಗೊತ್ತಿಲ್ಲ. ಇದಕ್ಕೆ ಬದಲಾಗಿ, ಗೋವೆಯಿಂದ ಹೊರಟ ಸಾರಸ್ವತರ ಕಥೆ ‘ಸ್ವಪ್ನ ಸಾರಸ್ವತ’ವನ್ನು ನೋಡು. ಎರಡೂ ಪದ ಹಳೆಯವೇ, ಜೋಡಿ ಮಾತ್ರ ಹೊಸದು. ಒಂದು ಪದ ಸಾಲದಿದ್ದರೆ ಮಾಡಬೇಕಾದದ್ದು ಅದು.

ಹೆಸರನ್ನು ಹುಡುಕುವುದಕ್ಕೂ ಕ್ರಮವಿದೆ. ಕನ್ನಡ ಲಿಪಿಯಲ್ಲಿ ಒಮ್ಮೆ, ದೇವನಾಗರಿಯಲ್ಲಿ ಒಮ್ಮೆ, ರೋಮನ್ನಿನಲ್ಲಿ ಕಡಿಮೆಯೆಂದರೆ ನಾಲ್ಕು ಬಾರಿ. ‘ಮೃ’ ಬರೆಯಲು ಕೆಲವರು ‘ಎಮ್ ಆರ್ ಐ’ ಹಾಕುತ್ತಾರೆ, ಮರಾಠಿಯವರು ಹೆಚ್ಚಾಗಿ ‘ಎಮ್ ಆರ್ ಯು’. ಕೊನೆಯ ‘ಎ’ಯನ್ನೂ ಅವರು ಬಿಡುತ್ತಾರೆ. ಕನ್ನಡದಲ್ಲೇ ‘ಮ್ರುತ್ಯುಂಜಯ’ ಎಂದು ಕುಟ್ಟಿದವರು ಇದ್ದಾರೆ, ಅದನ್ನೂ ಹಾಕಿ ನೋಡು. ಕಲೀನಾದಲ್ಲಿ ವಿಶ್ವವಿದ್ಯಾಲಯದ ಕನ್ನಡ ವಿಭಾಗದವರನ್ನು ಕೇಳು. ಹಳೆಯ ಪುಸ್ತಕಗಳು ಎಷ್ಟೋ ಜಾಲದಲ್ಲಿ ಇಲ್ಲ, ಓದಿದವರ ತಲೆಯಲ್ಲಿವೆ.

ಹೆಸರು ಉಳಿಸಿಕೊಂಡರೆ ಕೆಳಗೊಂದು ಉಪಶೀರ್ಷಿಕೆ ಕೊಡು. ಅದನ್ನು ಮುಖಪುಟದಲ್ಲಿ ಮಾತ್ರ ಹಾಕಿ ಕೈಬಿಡಬೇಡ. ಗ್ರಂಥಾಲಯದವರು ಸೂಚಿ ಮಾಡುವಾಗ ಹೆಸರು ಎತ್ತಿಕೊಳ್ಳುವುದು ಒಳಗಿನ ಶೀರ್ಷಿಕೆ ಪುಟದಿಂದ. ಮುಖಪುಟದಲ್ಲಿ ಒಂದು, ಒಳಗೆ ಇನ್ನೊಂದು ಆದರೆ ಅರ್ಧ ಹೆಸರು ದಾಖಲಾಗುತ್ತದೆ. ಬೆನ್ನಿನ ಮೇಲೆ ನಿನ್ನ ಹೆಸರೂ ಓದುವಷ್ಟು ದಪ್ಪವಾಗಿರಲಿ. ಪುಣೆಯ ಅಪ್ಪಾ ಬಳವಂತ ಚೌಕದ ಪುಸ್ತಕದಂಗಡಿಗಳ ಕಪಾಟಿನಲ್ಲಿ ಪುಸ್ತಕ ಬೆನ್ನು ತೋರಿಸಿಯೇ ನಿಲ್ಲುವುದು, ಅಲ್ಲಿ ಒಬ್ಬ ‘ಮೃತ್ಯುಂಜಯ’ನನ್ನು ಇನ್ನೊಬ್ಬನಿಂದ ಬೇರೆ ಮಾಡುವುದು ಲೇಖಕನ ಹೆಸರೊಂದೇ.

ಪುಸ್ತಕದ ಗುರುತಿನ ಸಂಖ್ಯೆ ಐಎಸ್‌ಬಿಎನ್ ಮಾತ್ರ ಬಿಡಲೇಬೇಡ. ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿ ಅದನ್ನು ಪುಕ್ಕಟೆ ಕೊಡುತ್ತದೆ, ಸ್ವಂತ ಪ್ರಕಾಶನ ಮಾಡುವ ಲೇಖಕರಿಗೂ. ಗಟ್ಟಿ ರಟ್ಟು, ಮೆದು ರಟ್ಟು, ಇ-ಬುಕ್ ಒಂದೊಂದಕ್ಕೂ ಬೇರೆ ಸಂಖ್ಯೆ. ಏನೂ ಬದಲಿಸದ ಮರುಮುದ್ರಣಕ್ಕೆ ಹಳೆಯದೇ ಸಾಕು. ಮುದ್ರಣಕ್ಕೆ ಹೋಗುವ ಮೊದಲು 13 ಅಂಕಿಗಳನ್ನು ಎಡದಿಂದ 1, 3, 1, 3 ಎಂದು ಗುಣಿಸಿ ಕೂಡಿಸು. ಮೊತ್ತ 10ರಿಂದ ಭಾಗವಾಗದಿದ್ದರೆ ಎಲ್ಲೋ ತಪ್ಪಿದೆ. ಭಾಗವಾದರೂ ಪೂರ್ತಿ ನಂಬಬೇಡ, ಮಾರಾಯಾ. 1 ಮತ್ತು 6, 2 ಮತ್ತು 7, ಹೀಗೆ 5ರ ಅಂತರದ ಅಕ್ಕಪಕ್ಕದ ಅಂಕಿಗಳು ಅದಲುಬದಲಾದರೆ ಈ ಲೆಕ್ಕ ಹಿಡಿಯುವುದಿಲ್ಲ. ಕಣ್ಣಿಟ್ಟು ಒಮ್ಮೆ ಓದಿಯೇ ನೋಡಬೇಕು.

ಆನ್‌ಲೈನ್ ಅಂಗಡಿಗೆ ವಿವರ ಕಳಿಸುವಾಗ ಡಿಟಿಪಿಯವರ ಹಳೆಯ ‘ನುಡಿ’ ತಂತ್ರಾಂಶದ ಫೈಲಿನಿಂದ ಹೆಸರು ನಕಲಿಸಬೇಡ, ಅಲ್ಲಿ ಅದು ಕಲಸುಮೇಲೋಗರವಾಗುತ್ತದೆ. ಯೂನಿಕೋಡ್‌ನಲ್ಲಿ ಹೊಸದಾಗಿ ಕುಟ್ಟು. ಬೇರೆ ‘ಮೃತ್ಯುಂಜಯ’ದ ವಿಮರ್ಶೆ ನಿನ್ನ ಪುಟದಲ್ಲಿ ಕಂಡರೆ ನಾಲ್ಕು ನಕ್ಷತ್ರ ಬಂತೆಂದು ಸುಮ್ಮನಿರದೆ ಸರಿಪಡಿಸಲು ಬರೆ. ಪುಸ್ತಕ ಬಂದ 30 ದಿನದೊಳಗೆ ಪ್ರಕಾಶಕರು ಕೋಲ್ಕತ್ತಾದ ರಾಷ್ಟ್ರೀಯ ಗ್ರಂಥಾಲಯಕ್ಕೆ ಪ್ರತಿ ಕಳಿಸಬೇಕೆಂದು 1954ರ ಕಾಯ್ದೆ ಹೇಳುತ್ತದೆ. ಪ್ರತಿ ಸಲ್ಲಬೇಕಾದ ಇನ್ನೂ ಮೂರು ಗ್ರಂಥಾಲಯಗಳಲ್ಲಿ ಒಂದು ಇಲ್ಲೇ ಟೌನ್ ಹಾಲಿನಲ್ಲಿದೆ. ಕಳಿಸಿದ್ದಾರೋ ಕೇಳಿಕೋ.

ನನ್ನ ಅಭಿಪ್ರಾಯ ಕೇಳಿದ್ದೀಯ. ನಿನ್ನ ವಾರ್ಡ್‌ಬಾಯ್ ಸಾವನ್ನು ಗೆಲ್ಲುವುದಿಲ್ಲ, ರಾತ್ರಿಪಾಳಿಯಲ್ಲಿ ಅದರ ಪಕ್ಕ ಕೂತು ಚಹಾ ಕುಡಿಯುತ್ತಾನೆ. ಅವನಿಗೆ ‘ಮೃತ್ಯುಂಜಯ’ ಎಂಬ ಅಂಗಿ ದೊಡ್ಡದಾಯಿತು. ಆರನೇ ಅಧ್ಯಾಯದಲ್ಲಿ ಅವನೇ ಹೇಳುವ ‘ಹನ್ನೊಂದನೇ ವಾರ್ಡು’ ಒಪ್ಪುತ್ತದೆ. ಅದೂ ಪೂರ್ತಿ ಖಾಲಿ ಸೈಟಲ್ಲ, 1892ರಿಂದ ರಷ್ಯದ ಕಥೆಗಾರ ಚೆಕಾಫ್ ತನ್ನ ‘ಆರನೇ ವಾರ್ಡು’ ಕಥೆಯೊಡನೆ ಅಲ್ಲಿದ್ದಾನೆ. ಐದು ವಾರ್ಡು ದೂರವಿದೆ, ನಡೆಯುತ್ತದೆ. ಯಾವುದನ್ನೇ ಇಟ್ಟರೂ ಶೀರ್ಷಿಕೆ ಪುಟದ ಪ್ರೂಫನ್ನು ಅಚ್ಚಿಗೆ ಹೋಗುವ ಮೊದಲು ಕಳಿಸು.